ಬೀಗದ ಕೈ ಅವರ ಕೈಗೇ ಕೊಟ್ಟೆವು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ, ಮನೆಯಿಲ್ಲದವರು ರಾತ್ರಿ ಮಲಗೋಕೆ ಶೆಲ್ಟರ್ ಮಾಡಿದರೆ ಹಮಾಲಿಗಳು ಬರಲ್ಲ ಅಂತ ಎಲ್ಲರೂ ಹೇಳಿದ್ದರು. ಈಗ ನಮ್ಮ 48 ಹಾಸಿಗೆಯಲ್ಲಿ ಒಂದೆರಡು ಖಾಲಿ ಇದ್ದರೆ ಜಾಸ್ತಿ.

ಆಗ ಪೇಟೆಯಲ್ಲಿ ದೊಡ್ಡ ಜಗಳ. 2018ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿದ ಹಾಗೆ ಇಲ್ಲೂ ಹಾಸಲಿ ಅನ್ನುವವರು ಕೆಲವರು. ಇಲ್ಲಿ ಬೀದಿಯಲ್ಲಿ ಮಲಗುವವರು ಎಲ್ಲಿಗೆ ಹೋಗಬೇಕು ಅನ್ನುವವರು ನಾವು. ಪಾಲಿಕೆ ಕಟ್ಟಡ ಕೊಂಡುಕೊಡಲಿ ಅಂತ ಒಂದೂವರೆ ವರ್ಷ ಅರ್ಜಿ ಹಿಡಿದು ಅಲೆದೆ. ಲಕ್ಷ ಜನಕ್ಕೆ ನೂರು ಮಂದಿಯ ಒಂದು ಶೆಲ್ಟರ್ ಇರಬೇಕು, ತಲೆಗೆ 50 ಚದರ ಅಡಿ ಜಾಗ ಬೇಕು ಅನ್ನುತ್ತಿತ್ತು ಆಗಿನ ನಿಯಮ. 2011ರ ಜನಗಣತಿಯ 84 ಲಕ್ಷ ಹಿಡಿದರೂ 84 ಶೆಲ್ಟರ್! ಪೇಟೆಯ ಬೆಲೆಗೆ ಅಷ್ಟು ಜಾಗ ಯಾರು ಕೊಳ್ಳುತ್ತಾರೆ? ಆ ಆಸೆ ಬಿಟ್ಟು, ಪಾಲಿಕೆಯದೇ ಬೀಗ ಬಿದ್ದ ಹಳೇ ಕಟ್ಟಡ ಹುಡುಕಿದೆ. ಫೈಲು ಹೇಗೆ ಸರಿಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಕಟ್ಟಡದ ಫೈಲು ಓಡಾಡುತ್ತಿದೆ.

ಕಕ್ಕಸು, ವೈರಿಂಗ್, ಸುಣ್ಣಬಣ್ಣ ಸೇರಿ ಆರು ಲಕ್ಷದ ಹತ್ತಿರ ಆಯಿತು. ಮೂರು ತಿಂಗಳು ಬಂದವರು ಎಂಟೋ ಹತ್ತೋ ಜನ. ತಿಗಣೆ ಹತ್ತಿ ನಾರಿನ ಹಾಸಿಗೆಗಳನ್ನೆಲ್ಲ ಎಸೆದೆವು, ಮೂವತ್ತು ಸಾವಿರ ಹೋಯಿತು. ಈಗ ರೆಕ್ಸಿನ್ ಹಾಸಿಗೆ.

ಒಂದು ರಾತ್ರಿ ತಳ್ಳುಗಾಡಿ ಮೇಲೆ ಮಲಗಿದ್ದ ಒಬ್ಬರನ್ನು ಕರೆದೆ. ತಲೆಯಡಿ ಗೊಬ್ಬರದ ಚೀಲ. ಒಳಗೆ ಒಂದು ಲುಂಗಿ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಮಗಳ ಫೋಟೊ. "ಒಳಗೆ ಬಂದರೆ ಗಾಡಿ ಯಾರು ನೋಡ್ಕೋತಾರೆ ಸಾರ್? ಹೂವಿನ ಲೋಡು ಮೂರಕ್ಕೇ ಬರುತ್ತೆ, ನೀವು ಬಾಗಿಲು ತೆಗೆಯೋದು ಆರಕ್ಕೆ" ಅಂದರು.

ಮಾರನೇ ದಿನದಿಂದಲೇ ಬಾಗಿಲು ಹಾಕುವುದು ನಿಲ್ಲಿಸಿದೆ. ಗುಜರಿಯಿಂದ ಕಬ್ಬಿಣದ ಬೀರು ತಂದು ಖಾನೆ ಮಾಡಿಸಿದೆ. ಎಸ್.ಜೆ.ಪಿ. ರೋಡಿನಲ್ಲಿ ಬೀಗ ಕೊಂಡೆ. ಎಲ್ಲ ಸೇರಿ ನಲವತ್ತು ಸಾವಿರ ಇರಬಹುದು. ಬೀಗದ ಕೈ ಮಲಗುವವರ ಹತ್ತಿರವೇ, ನಮ್ಮಲ್ಲಿ ಇನ್ನೊಂದಿಲ್ಲ. ಗಾಡಿಗಳಿಗೆ ಅಂಗಳದಲ್ಲಿ ಉದ್ದ ಸರಪಳಿ. ಎರಡೇ ವಾರದಲ್ಲಿ ಮೂವತ್ತು ಜನ ಆದರು.

ನಡುವೆ ರಾಗಿ ಅಂಬಲಿ ಕೊಟ್ಟು ನೋಡಿದೆ, ಯಾರೂ ಕುಡಿಯಲಿಲ್ಲ. ಅದೇ ಒಲೆಯಲ್ಲಿ ಸ್ನಾನಕ್ಕೆ ಬಿಸಿನೀರು ಕಾಯಿಸಿದೆ, ಸಾಲು ನಿಂತರು.

ಮೊದಲು ನಮ್ಮ ವಿರುದ್ಧ ಸಹಿ ಹಾಕಿದ್ದ ಬಟ್ಟೆ ಅಂಗಡಿಯವರು ಈಗ ಅವರೇ ಫೋನ್ ಮಾಡುತ್ತಾರೆ: "ಮೆಟ್ಟಿಲ ಮೇಲೆ ಅಜ್ಜ ಒಬ್ಬರು ನೆನೀತಾ ಕೂತಿದ್ದಾರೆ, ಜಾಗ ಇದೆಯಾ?" ಮಳೆಗಾಲದಲ್ಲಿ ಎಷ್ಟೋ ಸಲ ಇಲ್ಲ ಅನ್ನಬೇಕಾಗುತ್ತದೆ.