ಟೈಮರ್ ಕೊಳ್ಳುವ ಮೊದಲು ಬಾವಿಕಟ್ಟೆಗೆ ಬನ್ನಿ

ಕಾಪು, ಪಡುಬಿದ್ರಿ, ಸುರತ್ಕಲ್ ಕಡೆ ನನಗೆ ಸಿಗುವ ಕೆಲಸಗಳಲ್ಲಿ ಹೆಚ್ಚಿನವು ಬೀಗ ಹಾಕಿದ ಮನೆಗಳ ತೋಟಗಳು. ಯಜಮಾನರು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಫೋನಿನಲ್ಲಿ ಅವರ ಮೊದಲ ಪ್ರಶ್ನೆ, "ತೋಟಕ್ಕೆ ನೀರು ಬಿಡಲು ಮೊಬೈಲಿನಿಂದ ಆನ್ ಆಗುವ ಟೈಮರ್ ಯಾವುದು ಒಳ್ಳೇದು?" ಯಾವುದಾದರೂ ಆದೀತು ಮಾರಾಯ್ರೆ. ಟೈಮರ್ ಹೊತ್ತಿಗೆ ಸರಿಯಾಗಿ ಕರೆಂಟು ಬಿಡುತ್ತದೆ, ಅಷ್ಟೆ. ಹುಲ್ಲು ಉಳಿಯುವುದೂ ಒಣಗುವುದೂ ಎಷ್ಟು ನೀರು, ಎಷ್ಟು ಪ್ರೆಶರಿನಲ್ಲಿ ಬರುತ್ತದೆ ಎನ್ನುವುದರ ಮೇಲೆ. ಹಾಗಾಗಿ ನೀರು ಹೋಗುವ ದಾರಿಯಲ್ಲೇ ನೋಡುತ್ತ ಹೋಗೋಣ.

ಮೊದಲು ಪಂಪು. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಆಗಸ್ಟಿನಲ್ಲಿ ಮೇಲೆಯೇ ಇರುವ ನೀರು ಮೇ ತಿಂಗಳಿಗೆ ತಳ ಸೇರುತ್ತದೆ. ಕಟ್ಟೆಯ ಮೇಲಿಟ್ಟ ಪಂಪು ಹೆಚ್ಚೆಂದರೆ 6-7 ಮೀಟರ್ ಆಳದಿಂದ ಎಳೆದೀತು, ಅದಕ್ಕಿಂತ ಕೆಳಗಿದ್ದರೆ ಬರೀ ಸದ್ದು. ನಿಮ್ಮ ಬಾವಿ ಹಾಗಿದ್ದರೆ ಸಬ್‌ಮರ್ಸಿಬಲ್ ಹಾಕಿಸಿ, ಇಲ್ಲವೇ ಬಾವಿಯೊಳಗೆ ಮೆಟ್ಟಿಲು ಕಟ್ಟಿಸಿ ಪಂಪನ್ನು ಕೆಳಗಿಳಿಸಿ. ಮನೆಯಲ್ಲಿ ಜನ ಇಲ್ಲದಿದ್ದರೆ ನೀರಿಲ್ಲದೆ ಓಡುವ ಪಂಪನ್ನು ತಾನೇ ನಿಲ್ಲಿಸುವ ಡ್ರೈ ರನ್ ರಕ್ಷಣೆ ಬೇಕೇ ಬೇಕು. ಪೈಪಿನ ತುದಿಯಲ್ಲಿ ನೀರು ಮರಳಿ ಬಾವಿಗೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಸೋರಿದರೆ ಪೈಪು ರಾತ್ರಿ ಖಾಲಿಯಾಗುತ್ತದೆ. ಬೆಳಿಗ್ಗೆ ಐದಕ್ಕೆ ಟೈಮರ್ ಪಂಪು ಹಾಕಿದಾಗ ಎಳೆಯಲು ನೀರೇ ಇರುವುದಿಲ್ಲ.

ಈಗ ಪ್ರೆಶರ್. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಕೆಜಿ ಪ್ರೆಶರ್, ಅಂದರೆ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ. ತಾರಸಿಯ ಟ್ಯಾಂಕಿ ನೆಲದಿಂದ 7 ಮೀಟರ್ ಮೇಲಿದ್ದರೆ ಸಿಗುವುದು 0.7 ಕೆಜಿ. ಹುಲ್ಲಿಗೆ ಹಾಕುವ, ನೀರು ಬಂದಾಗ ನೆಲದಿಂದ ತಲೆ ಎತ್ತುವ ಪಾಪ್-ಅಪ್ ಸ್ಪ್ರೇಗೆ ನಳಿಗೆಯ ಬುಡದಲ್ಲಿ 2 ಕೆಜಿ ಬೇಕು, ದೂರಕ್ಕೆ ತಿರುಗುತ್ತ ಹಾರಿಸುವ ರೋಟರಿಗೆ 3ರ ಹತ್ತಿರ. ಟ್ಯಾಂಕಿಯಿಂದಲೇ ಸ್ಪ್ರೇ ನಡೆಸುತ್ತೇನೆಂದು ಹೊರಟವರ ಅಂಗಳದಲ್ಲಿ ಸ್ಪ್ರೇ ತಲೆ ಎತ್ತುವುದೇ ಇಲ್ಲ.

ಪಂಪು ಎಷ್ಟು ಕೊಡುತ್ತದೆಂದು ತಿಳಿಯಲು ಪೈಪಿನ ಬಾಯಿಗೆ ಬಕೆಟ್ ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಆದರೆ ಅದು ಪ್ರೆಶರ್ ಇಲ್ಲದೆ ಸುರಿಯುವ ನೀರಿನ ಲೆಕ್ಕ. ಸರಿಯಾದ ಕ್ರಮ ಇದು: ಮೊದಲು ಪ್ರೆಶರ್ ಗೇಜ್, ಅದರ ಮುಂದೆ ಬಾಲ್ ವಾಲ್ವ್, ಅದರ ಮುಂದೆ ಬಕೆಟ್. ಪಂಪು ಹಾಕಿ, ಗೇಜಿನ ಮುಳ್ಳು 2.5ಕ್ಕೆ ಬಂದು ನಿಲ್ಲುವ ತನಕ ವಾಲ್ವನ್ನು ನಿಧಾನ ಮುಚ್ಚುತ್ತ ಬನ್ನಿ. ಮೇಲಿನ ಅರ್ಧ ಕೆಜಿ ಪೈಪಿನೊಳಗಿನ ತಿಕ್ಕಾಟಕ್ಕೆ. ಆಗ 20 ಲೀಟರಿನ ಬಕೆಟ್ ತುಂಬಲು 40 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 30 ಲೀಟರ್. ನಾಲ್ಕೂವರೆ ಮೀಟರ್ ಹಾರಿಸುವ ಅರ್ಧವೃತ್ತದ ಸ್ಪ್ರೇ ನಿಮಿಷಕ್ಕೆ ಸುಮಾರು 7 ಲೀಟರ್ ಕುಡಿಯುತ್ತದೆ. ನಾಲ್ಕು ಹಾಕಬಹುದು ಅನಿಸುತ್ತದೆ, ಮೂರಕ್ಕೇ ನಿಲ್ಲಿಸಿ. ಹೆಚ್ಚು ಬೇಕಾದರೆ ಇನ್ನೊಂದು ವಾಲ್ವು, ಇನ್ನೊಂದು ಸರದಿ. ತೋಟವನ್ನು ವಲಯಗಳಾಗಿ ಒಡೆಯುವುದು ಇದೇ ಕಾರಣಕ್ಕೆ. ಒಂದು ಸ್ಪ್ರೇಯ ನೀರು ಪಕ್ಕದ ಸ್ಪ್ರೇಯ ಬುಡ ಮುಟ್ಟಬೇಕು, ಇಲ್ಲದಿದ್ದರೆ ನಡುವೆ ಕಂದು ತೇಪೆ ಬೀಳುತ್ತದೆ.

ಇನ್ನು ಟೈಮರ್ ಕರೆಂಟು ಬಿಟ್ಟಾಗ ತೆರೆದುಕೊಳ್ಳುವ ಸೊಲೆನಾಯ್ಡ್ ವಾಲ್ವ್. ಜನ ಇದನ್ನು ಕರೆಂಟಿನ ವಸ್ತು ಅಂದುಕೊಳ್ಳುತ್ತಾರೆ, ನನಗೆ ಇದು ಅಪ್ಪಟ ನೀರಿನ ಯಂತ್ರ. ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗೆ ಚಟ್ನಿ ಬಟ್ಟಲಿನ ಬಾಯಿಯಷ್ಟಗಲದ ರಬ್ಬರ್ ಡಯಾಫ್ರಾಮ್, ಅದರ ಅಂಚಿನಲ್ಲಿ ಒಂದು ಸಣ್ಣ ತೂತು. ಆ ತೂತಿನಿಂದ ನೀರು ಮೇಲಿನ ಕೋಣೆಗೆ ಏರುತ್ತದೆ. ಪ್ರೆಶರ್ ಮೇಲೂ ಕೆಳಗೂ ಒಂದೇ, ಆದರೆ ಮೇಲೆ ನೀರು ಒತ್ತುವ ಜಾಗ ಹೆಚ್ಚು; ರಬ್ಬರ್ ಕೆಳಗೊತ್ತಿ ದಾರಿ ಮುಚ್ಚಿಕೊಳ್ಳುತ್ತದೆ. 24 ವೋಲ್ಟಿನ ಕಾಯಿಲ್ ಮಾಡುವುದು ಒಂದು ಪುಟ್ಟ ಕಡ್ಡಿಯನ್ನು ಎತ್ತುವ ಕೆಲಸ ಮಾತ್ರ. ಮೇಲಿನ ನೀರು ಅತ್ತ ಹರಿದುಹೋಗುತ್ತದೆ, ಕೆಳಗಿನ ನೀರು ರಬ್ಬರನ್ನು ತಾನೇ ಎತ್ತಿ ಹೊರಡುತ್ತದೆ.

ಇಷ್ಟು ಗೊತ್ತಿದ್ದರೆ ಅರ್ಧ ರಿಪೇರಿ ನಿಮ್ಮ ಕೈಯಲ್ಲೇ. ವಾಲ್ವ್ ಮುಚ್ಚುತ್ತಿಲ್ಲವೇ? ತೂತಿನಲ್ಲಿ ಮರಳೋ ಲೋಳೆಯೋ ಕೂತಿದೆ, ಇಲ್ಲವೇ ಬಾಣದ ಗುರುತು ನೋಡದೆ ತಿರುಗಿಸಿ ಕೂರಿಸಿದ್ದಾರೆ. ತೆರೆಯುತ್ತಿಲ್ಲವೇ? ಮೇಲಿನ ಕೋಣೆಯ ನೀರನ್ನು ಕೈಯಿಂದ ಹೊರಬಿಡಲು ಇರುವ ಪಕ್ಕದ ಬ್ಲೀಡ್ ಸ್ಕ್ರೂ ಸಡಿಲಿಸಿ. ಆಗ ನೀರು ಹೊರಟರೆ ತೊಂದರೆ ವಯರಿನಲ್ಲಿ ಅಥವಾ ಕಾಯಿಲಿನಲ್ಲಿ. ಹೊರಡದಿದ್ದರೆ ನೀರಿನ ಕಡೆಯೇ. ತಾರಸಿ ಟ್ಯಾಂಕಿಯ ಅಲ್ಪ ಪ್ರೆಶರಿಗೆ ಈ ಸಾಮಾನ್ಯ ವಾಲ್ವನ್ನು ನಂಬಬೇಡಿ, ಮೋಟಾರಿನ ಬಾಲ್ ವಾಲ್ವ್ ಹಾಕಿ.

ಲೋಳೆ ಅಂದೆನಲ್ಲ, ಅದು ನಮ್ಮೂರಿನ ದೊಡ್ಡ ತಲೆನೋವು. ಬೋರಿನ ನೀರು ಬರುವಾಗ ತಿಳಿಯಾಗಿರುತ್ತದೆ. ಗಾಳಿ ತಾಗಿದ ಮೇಲೆ ಕಬ್ಬಿಣದ ಅಂಶ ಕೆಂಪಾಗಿ ಕೂರುತ್ತದೆ. ಕರಗಿದ ಕಬ್ಬಿಣವನ್ನು ಎಷ್ಟು ನುಣುಪಿನ ಫಿಲ್ಟರೂ ಹಿಡಿಯುವುದಿಲ್ಲ, ಅದು ದಾಟಿ ಹೋಗಿ, ಗಿಡದ ಬುಡಕ್ಕೆ ಹನಿ ಹನಿ ನೀರು ಬಿಡುವ ಡ್ರಿಪ್ಪರಿನ ಬಾಯಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಬೋರಿನ ನೀರನ್ನು ಮೇಲಿಂದ ಸುರಿಯುವ ಹಾಗೆ ಟ್ಯಾಂಕಿಗೆ ಬಿಟ್ಟು, ಒಂದು ರಾತ್ರಿ ಕೂರಿಸಿ, ತಳದಿಂದ ಒಂದಡಿ ಮೇಲಿನ ಔಟ್‌ಲೆಟ್‌ನಿಂದ ಎಳೆಯಿರಿ. ಆಮೇಲೆ 120 ಮೆಶ್‌ನ ಡಿಸ್ಕ್ ಫಿಲ್ಟರ್, ಅದರ ಎರಡೂ ಬದಿ ಗೇಜ್. ವ್ಯತ್ಯಾಸ ಅರ್ಧ ಕೆಜಿ ದಾಟಿದರೆ ಡಿಸ್ಕ್ ಬಿಚ್ಚಿ ತೊಳೆಯುವ ಹೊತ್ತಾಯಿತು.

ದಾಸವಾಳ, ಮಲ್ಲಿಗೆ, ಕೇಪಳದ ಬೇಲಿಗೆ ಡ್ರಿಪ್ಪೇ ಸಾಕು. ಗಂಟೆಗೆ 4 ಲೀಟರಿನ 100 ಡ್ರಿಪ್ಪರಿಗೆ 400 ಲೀಟರ್. ನಿಮ್ಮ ಪಂಪಿಗೆ ಲೆಕ್ಕಕ್ಕೇ ಇಲ್ಲ. ಆದರೆ ಅದನ್ನು ಹುಲ್ಲಿನ ವಾಲ್ವಿಗೆ ಸೇರಿಸಬೇಡಿ. ಹುಲ್ಲಿಗೆ ಹತ್ತು ಹದಿನೈದು ನಿಮಿಷ, ಡ್ರಿಪ್ಪಿಗೆ ಗಂಟೆಗಟ್ಟಲೆ. ಡ್ರಿಪ್ಪಿನ ದಾರಿಯಲ್ಲಿ ಪ್ರೆಶರನ್ನು 1 ಕೆಜಿಗೆ ಇಳಿಸುವ ರೆಗ್ಯುಲೇಟರ್ ಇರಲಿ, ಇಲ್ಲದಿದ್ದರೆ ಜಾಯಿಂಟ್ ಕಿತ್ತು ಬರುತ್ತದೆ. ಅಂಗಳ ಇಳಿಜಾರಾಗಿದ್ದರೆ ಪ್ರೆಶರ್ ಹೆಚ್ಚುಕಮ್ಮಿಯಾದರೂ ಒಂದೇ ಸಮ ಕೊಡುವ ಡ್ರಿಪ್ಪರ್ ಕೇಳಿ ತನ್ನಿ. ಸಾದಾದು ಕೆಳಗಿನ ಗಿಡಕ್ಕೆ ಕುಡಿಸಿ ಮೇಲಿನದ್ದನ್ನು ಒಣಗಿಸುತ್ತದೆ. ಲೈನಿನ ಅತಿ ಎತ್ತರದ ಜಾಗದಲ್ಲಿ ಏರ್ ವಾಲ್ವ್ ಇರಲಿ. ಪಂಪು ನಿಂತಾಗ ಡ್ರಿಪ್ಪರ್ ಮಣ್ಣನ್ನು ಒಳಗೆಳೆಯದಂತೆ ಅದು ಗಾಳಿ ಬಿಡುತ್ತದೆ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಟೈಮರ್ ಬಂದ್ ಮಾಡಿ. ಮಳೆ ಬಿಟ್ಟು ಮತ್ತೆ ನೀರು ಹಾಯಿಸುವ ಮೊದಲು ಪ್ರತಿ ಡ್ರಿಪ್ ಪೈಪಿನ ಎಂಡ್ ಕ್ಯಾಪ್ ತೆಗೆದು, ಒಂದೊಂದೇ ವಾಲ್ವನ್ನು ಬ್ಲೀಡ್ ಸ್ಕ್ರೂನಿಂದ ತೆರೆದು, ಕೆಂಪು ಹೋಗುವ ತನಕ ನೀರು ಬಿಡಿ. ನೆರೆಮನೆಯವರಿಗೆ ಬೀಗದ ಕೈ ಕೊಟ್ಟಿದ್ದರೆ ಇದನ್ನು ಅವರಿಗೂ ತೋರಿಸಿಕೊಟ್ಟು ಹೋಗಿ.