ವಿಂಡೋಸ್ 7 ಬಿಡಲಾಗದವರಿಗೆ: ಆಂಟಿವೈರಸ್ ಆರಿಸುವ ಬಗೆ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ತೇಪೆ (ಸುರಕ್ಷತೆಯ ಅಪ್‌ಡೇಟ್) ಹಾಕುವುದನ್ನು ನಿಲ್ಲಿಸಿದ್ದು 2020ರ ಜನವರಿ 14ರಂದು. ದುಡ್ಡು ಕಟ್ಟಿದ ಸಂಸ್ಥೆಗಳಿಗೆ ಕೊಡುತ್ತಿದ್ದ ಹೆಚ್ಚುವರಿ ಅಪ್‌ಡೇಟ್‌ಗಳೂ 2023ರ ಜನವರಿ 10ಕ್ಕೆ ಮುಗಿದವು. ಆದರೂ ಆ ಕಂಪ್ಯೂಟರ್‌ಗಳು ಮೂಲೆಗೆ ಸೇರಿಲ್ಲ. ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಹೊಸ ವಿಂಡೋಸ್‌ಗೆ ಡ್ರೈವರ್ ಸಿಗದ ಸ್ಕ್ಯಾನರ್, ಹಳೆಯ ನುಡಿ ಫಾಂಟಿನಲ್ಲಿ ಪೇಜ್‌ಮೇಕರ್ ಮೇಲೆ ಕಟ್ಟಿಟ್ಟ ನೂರಾರು ಪುಟಗಳು: ಬಿಡದಿರಲು ಕಾರಣಗಳು ನಿಜವಾದವೇ. ಬಿಡಬಲ್ಲವರು ಬಿಡಲಿ, ಬರೀ ಬ್ರೌಸರ್ ಮತ್ತು ಟೈಪಿಂಗ್ ಸಾಕೆನ್ನುವವರಿಗೆ ಅದೇ ಯಂತ್ರದಲ್ಲಿ ಲಿನಕ್ಸ್ ಚೆನ್ನಾಗಿಯೇ ಓಡುತ್ತದೆ. ಮುಂದಿನದು ಉಳಿದವರಿಗೆ.

ಆಂಟಿವೈರಸ್ ಏನು ಮಾಡುವುದಿಲ್ಲ ಎಂಬುದು ಮೊದಲು ಗೊತ್ತಿರಬೇಕು. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ, ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್, ಯಾರಾದರೂ ಫೈಲನ್ನು ಕ್ಲಿಕ್ ಮಾಡಲಿ ಎಂದು ಕಾಯಲಿಲ್ಲ. ಫೈಲ್ ಹಂಚಿಕೆಗೆ ಬಳಸುವ 445ನೇ ಪೋರ್ಟಿನ ತೂತಿನಿಂದ ಯಂತ್ರದಿಂದ ಯಂತ್ರಕ್ಕೆ ತಾನೇ ನುಗ್ಗಿತು. ಆ ತೂತಿಗೆ ತೇಪೆ ಬಂದು ಎರಡು ತಿಂಗಳಾಗಿತ್ತು. ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳೇ ಹೆಚ್ಚಾಗಿ ಬಲಿಯಾದವು. 2019ರಲ್ಲಿ ಬ್ಲೂಕೀಪ್ ಎಂಬ ತೂತು ದೂರದಿಂದ ಯಂತ್ರ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸಿಕ್ಕಿತು, ಅದೂ ಇದೇ ಜಾತಿಯದು. 2023ರ ನಂತರ ಸಿಗುವಂಥ ತೂತಿಗೆ ತೇಪೆಯೇ ಇಲ್ಲ. ಆಂಟಿವೈರಸ್ ಒಳಗೆ ಬಂದ ಫೈಲನ್ನು ಗುರುತಿಸಬಹುದು, ಗೋಡೆಯ ತೂತನ್ನು ಮುಚ್ಚಲಾರದು. ಹಾಗಾಗಿ ಯಾವ ಕಂಪನಿಯದು ಎನ್ನುವುದಕ್ಕಿಂತ, ನಿಮ್ಮ ಯಂತ್ರದ ಮೇಲೆ ಅದು ಇವತ್ತಿಗೂ ನಿಜವಾಗಿ ಕೆಲಸ ಮಾಡುತ್ತಿದೆಯೇ ಎನ್ನುವುದು ದೊಡ್ಡ ಪ್ರಶ್ನೆ.

ಕೊಳ್ಳುವ ಮೊದಲು ಯಂತ್ರವನ್ನು ನೋಡಿ

ವಿಂಡೋಸ್ ಕೀ ಒತ್ತಿಕೊಂಡು ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ‘ವಿನ್‌ವರ್’ (winver) ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಕೊಡಿ. ಬಿಲ್ಡ್ 7601, ಸರ್ವಿಸ್ ಪ್ಯಾಕ್ 1 ಎಂದಿರಬೇಕು. 7600 ಎಂದಿದ್ದರೆ ಸರ್ವಿಸ್ ಪ್ಯಾಕ್ ಹಾಕಿಯೇ ಇಲ್ಲ, ಈಗ ಸಿಗುವ ಆಂಟಿವೈರಸ್‌ಗಳನ್ನು ನೆಚ್ಚಿಕೊಳ್ಳುವಂತಿಲ್ಲ; ಕೆಬಿ 976932 (ಕೆಬಿ ಎಂದರೆ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಕೊಡುವ ಸಂಖ್ಯೆ) ಎಂಬ ಸರ್ವಿಸ್ ಪ್ಯಾಕನ್ನು ಮೊದಲು ಹಾಕಿ. ‘ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ 32 ಬಿಟ್ಟೋ 64 ಬಿಟ್ಟೋ, ರ‍್ಯಾಮ್ ಎಷ್ಟು ಎಂಬುದೂ ತಿಳಿಯುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಮೂಲೆಯ ಗಡಿಯಾರ ನೋಡಿ. ನಗಬೇಡಿ. ಹಳೆಯ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿದ್ದರೆ, ಸ್ವಿಚ್ ಆರಿಸಿ ಹಾಕಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟುಗಳು ಹೊಂದುವುದಿಲ್ಲ, ಅಪ್‌ಡೇಟ್ ಇಳಿಯುವುದಿಲ್ಲ, ಲೈಸೆನ್ಸ್ ಆ್ಯಕ್ಟಿವೇಟ್ ಆಗುವುದಿಲ್ಲ. ‘ಈ ಆಂಟಿವೈರಸ್ ಸರಿಯಿಲ್ಲ’ ಎಂಬ ಎಷ್ಟೋ ದೂರುಗಳ ಬೇರು ಈ ನಾಣ್ಯದಂಥ 3 ವೋಲ್ಟ್ ಸೆಲ್‌ನಲ್ಲಿರುತ್ತದೆ.

ಮೂರನೆಯದು ಹೆಚ್ಚು ಜನ ಬಿಟ್ಟುಬಿಡುವ ಹೆಜ್ಜೆ. ಈಗಿನ ಸಾಫ್ಟ್‌ವೇರ್‌ಗಳ ಡಿಜಿಟಲ್ ಸಹಿ ಎಸ್‌ಎಚ್‌ಎ-2 ಮಾದರಿಯದು. ಹುಟ್ಟಿದಾಗಿನ ವಿಂಡೋಸ್ 7ಕ್ಕೆ ಅದು ಪೂರ್ತಿ ಅರ್ಥವಾಗುವುದಿಲ್ಲ. ಅದನ್ನು ಕಲಿಸುವ ಅಪ್‌ಡೇಟ್‌ಗಳು ಎರಡು, ಎರಡೂ 2019ರವು: ಮೊದಲು ಕೆಬಿ 4490628, ನಂತರ ಕೆಬಿ 4474419. ಕ್ರಮ ಅದಲುಬದಲು ಮಾಡಬೇಡಿ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಈ ಸಂಖ್ಯೆ ಕೊಟ್ಟು ಹುಡುಕಿ. 32 ಬಿಟ್ಟಿಗೆ ಎಕ್ಸ್86, 64 ಬಿಟ್ಟಿಗೆ ಎಕ್ಸ್64 ಎಂದಿರುವುದನ್ನು ಇಳಿಸಿಕೊಳ್ಳಿ. ಹಳೆಯ ಯಂತ್ರದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆ ತಾಣ ಒದ್ದಾಡಿದರೆ ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಇವಿಲ್ಲದೆ ಆಂಟಿವೈರಸ್ ಹಾಕಿದರೆ ಇನ್‌ಸ್ಟಾಲ್ ಮುಗಿದಂತೆ ಕಂಡರೂ ಡ್ರೈವರ್ ಏಳುವುದಿಲ್ಲ. ಇನ್ನೂ ಕೆಟ್ಟರೆ ರೀಸ್ಟಾರ್ಟ್ ಆಗುವಾಗ ‘ಈ ಫೈಲಿನ ಡಿಜಿಟಲ್ ಸಹಿ ಪರಿಶೀಲಿಸಲಾಗದು’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬಂದು ಯಂತ್ರ ಅಲ್ಲೇ ನಿಲ್ಲುತ್ತದೆ. ಆಗ ಆನ್ ಮಾಡುತ್ತಲೇ ಎಫ್8 ಒತ್ತುತ್ತಾ ಹೋಗಿ, ‘ಡಿಸೇಬಲ್ ಡ್ರೈವರ್ ಸಿಗ್ನೇಚರ್ ಎನ್‌ಫೋರ್ಸ್‌ಮೆಂಟ್’ ಆರಿಸಿದರೆ ಒಳಗೆ ಹೋಗಿ ಆ ಆಂಟಿವೈರಸ್ಸನ್ನು ತೆಗೆಯಬಹುದು.

ಕಂಟ್ರೋಲ್ ಪ್ಯಾನೆಲ್‌ನ ‘ಇನ್‌ಸ್ಟಾಲ್ಡ್ ಅಪ್‌ಡೇಟ್ಸ್’ ಪಟ್ಟಿಯಲ್ಲಿ ವಾನ್ನಾಕ್ರೈ ತೇಪೆ ಕೆಬಿ 4012212, ಬ್ಲೂಕೀಪ್ ತೇಪೆ ಕೆಬಿ 4499175 ಇವೆಯೇ ನೋಡಿ. 2019ರ ಕೊನೆಯ ತಿಂಗಳುಗಳ ‘ಮಂತ್ಲಿ ರೋಲಪ್’ (ಅಲ್ಲಿಯವರೆಗಿನ ತೇಪೆಗಳ ಕಟ್ಟು) ಯಾವುದಾದರೂ ಇದ್ದರೆ ಎರಡೂ ಅದರಲ್ಲೇ ಸೇರಿವೆ, ಬೇರೆ ಬೇಡ.

ಯಾವುದನ್ನು ಆರಿಸುವುದು

ಮೊದಲು ಸೋಸಿ ಹೊರಗಿಡಬೇಕಾದವು. ವಿಂಡೋಸ್ 7ರ ಜೊತೆಗೇ ಬಂದ ‘ವಿಂಡೋಸ್ ಡಿಫೆಂಡರ್’ ಸ್ಪೈವೇರ್ ಹಿಡಿಯಲು ಮಾಡಿದ್ದಷ್ಟೆ. ಹೊಸ ವಿಂಡೋಸ್‌ಗಳಲ್ಲಿ ಅದೇ ಹೆಸರಿನಲ್ಲಿರುವ ಪೂರ್ಣ ಆಂಟಿವೈರಸ್ ಅದಲ್ಲ. ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಶಿಯಲ್ಸ್‌ನ ಹಸಿರು ಐಕಾನ್ ನೋಡಿ ಸಮಾಧಾನಪಡುವವರು ಇದ್ದಾರೆ. 2020ರಲ್ಲೇ ಅದರ ಡೌನ್‌ಲೋಡ್ ನಿಂತಿತು, ಲೆಕ್ಕಕ್ಕೆ ಹಿಡಿಯಬೇಡಿ. ಕ್ಲ್ಯಾಮ್‌ವಿನ್ ಉಚಿತ, ಹಗುರ, ಆದರೆ ನೀವು ಹೇಳಿದಾಗ ಮಾತ್ರ ತಪಾಸಣೆ ಮಾಡುತ್ತದೆ, ಹಗಲಿಡೀ ಕಾವಲು ಕಾಯುವುದಿಲ್ಲ. ಎರಡನೆಯ ಅಭಿಪ್ರಾಯಕ್ಕೆ ಸರಿ, ಒಂಟಿಯಾಗಿ ಸಾಲದು.

ಉಳಿದವುಗಳಲ್ಲಿ ಅವಾಸ್ಟ್, ಎವಿಜಿಯಂಥ ಉಚಿತ ಆವೃತ್ತಿಗಳು ಒಂದು ಕಡೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಮುಂಬೈನ ಇಸ್ಕ್ಯಾನ್‌ನಂಥ, ನಮ್ಮ ಅಂಗಡಿಗಳಲ್ಲಿ ಡಬ್ಬಿಯಲ್ಲೇ ಸಿಗುವಂಥವು ಇನ್ನೊಂದು ಕಡೆ. ಹಳೆಯ ವಿಂಡೋಸ್ ಬಗ್ಗೆ ಕಂಪನಿಗಳ ನೀತಿ ವರ್ಷ ವರ್ಷ ಬದಲಾಗುವುದರಿಂದ ಗೆಳೆಯರ ಮಾತನ್ನಾಗಲಿ ಹಳೆಯ ಪಟ್ಟಿಯನ್ನಾಗಲಿ ನಂಬದೆ, ಕೊಳ್ಳುವ ದಿನವೇ ಕಂಪನಿಯ ತಾಣದಲ್ಲಿ ‘ಸಿಸ್ಟಂ ರಿಕ್ವೈರ್‌ಮೆಂಟ್ಸ್’ ಪುಟ ತೆರೆಯಿರಿ. ಅಲ್ಲಿ ‘ವಿಂಡೋಸ್ 7’ ಎಂದಿದ್ದರೆ ಸಾಲದು, ಅಡಿಯ ಸಣ್ಣಕ್ಷರವನ್ನೂ ಓದಿ. ‘ಹಳೆಯ ಆವೃತ್ತಿ ಮಾತ್ರ’, ‘ನಿರ್ವಹಣೆ ಹಂತದಲ್ಲಿದೆ’ ಎಂಬರ್ಥದ ಮಾತಿದ್ದರೆ ಎಚ್ಚರಿಕೆ.

ಏಕೆಂದರೆ ಆಂಟಿವೈರಸ್‌ನಲ್ಲಿ ಅಪ್‌ಡೇಟ್ ಆಗುವ ಭಾಗ ಎರಡು. ಒಂದು ವೈರಸ್ ಗುರುತುಗಳ ಪಟ್ಟಿ, ಡೆಫಿನಿಷನ್. ಇನ್ನೊಂದು ಆ ಪಟ್ಟಿ ಹಿಡಿದು ಹುಡುಕುವ ಎಂಜಿನ್. ಹಳೆಯ ವಿಂಡೋಸ್ ಮೇಲೆ ಎಂಜಿನ್ ನಿಂತುಹೋಗಿ ಪಟ್ಟಿ ಮಾತ್ರ ಬರುವುದುಂಟು. ಎಕ್ಸ್‌ಪಿಗೆ ಹಾಗೇ ಆಯಿತು, ಅಲ್ಲಿ ಅವಾಸ್ಟ್‌ನ ಕೊನೆಯ ಆವೃತ್ತಿ 18.8. ಪಟ್ಟಿ ಮಾತ್ರ ಬರುತ್ತಿದ್ದರೆ ಹಳೆಯ ವೈರಸ್‌ಗಳಿಗೆ ಪರವಾಗಿಲ್ಲ, ವರ್ತನೆ ನೋಡಿ ಹಿಡಿಯಬೇಕಾದ ಹೊಸ ರ‍್ಯಾನ್ಸಮ್‌ವೇರ್‌ಗೆ ಅಷ್ಟಕ್ಕಷ್ಟೆ. ಕೊಳ್ಳುವ ಮೊದಲು ಟ್ರಯಲ್ ಹಾಕಿ, ‘ಅಬೌಟ್’ ಪುಟದಲ್ಲಿ ಎರಡರ ತಾರೀಖನ್ನೂ ನೋಡಿ.

ಟ್ರಯಲ್‌ನ ದಿನಗಳನ್ನು ಬಿಡುವಿನಲ್ಲಿ ಕಳೆಯಬೇಡಿ, ಕೆಲಸ ಜೋರಾಗಿರುವ ದಿನ ಪರೀಕ್ಷಿಸಿ. 2 ಜಿಬಿ ರ‍್ಯಾಮಿನ ಯಂತ್ರದಲ್ಲಿ ವಿಂಡೋಸ್ 64 ಬಿಟ್ ಆಗಿದ್ದರೆ ಅದೇ ಕನಿಷ್ಠ ಅಗತ್ಯ; ಆಂಟಿವೈರಸ್‌ಗೆ ಉಳಿಯುವುದು ಏನು? ಟಾಸ್ಕ್ ಮ್ಯಾನೇಜರ್‌ನಿಂದ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಪುಟದಲ್ಲಿ ‘ಹಾರ್ಡ್ ಫಾಲ್ಟ್ಸ್’ ನೋಡಿ. ಏನೂ ಮಾಡದೆ ಕೂತಾಗಲೂ ಅದು ಕುಣಿಯುತ್ತಲೇ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, ‘ಪಿಸಿ ಟ್ಯೂನಪ್’ ಎಲ್ಲ ತುಂಬಿದ ಟೋಟಲ್ ಸೆಕ್ಯುರಿಟಿಗಿಂತ ಬರಿಯ ಆಂಟಿವೈರಸ್ ಇಂಥ ಯಂತ್ರಕ್ಕೆ ಮೇಲು. ಆದರೆ ಒಂದು ಎಚ್ಚರ: ಕಾವಲಿನ ‘ರಿಯಲ್ ಟೈಮ್’ ಭಾಗ, ವರ್ತನೆ ಗಮನಿಸುವ ಭಾಗ, ಪೆನ್‌ಡ್ರೈವ್ ತಪಾಸಣೆ, ಈ ಮೂರೂ ಆ ಅಗ್ಗದ ಪ್ಯಾಕ್‌ನಲ್ಲಿ ಇರಲೇಬೇಕು. ಬಜೆಟ್ ಇದ್ದರೆ ಮೊದಲ ಖರ್ಚು ರ‍್ಯಾಮ್ ಮತ್ತು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. 32 ಬಿಟ್ಟಿನಲ್ಲಿ 4 ಜಿಬಿಗಿಂತ ಹೆಚ್ಚು ಹಾಕಿ ಪ್ರಯೋಜನವಿಲ್ಲ.

ಲೈಸೆನ್ಸ್ ಒಂದೇ ವರ್ಷದ್ದು ಕೊಳ್ಳಿ. ಮೂರು ವರ್ಷದ್ದಕ್ಕೆ ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ನಡುವೆ ಕಂಪನಿ ವಿಂಡೋಸ್ 7 ಕೈಬಿಟ್ಟರೆ ಆ ರಿಯಾಯಿತಿ ನೀರಿನಲ್ಲಿ ಹೋಮ. ಡಬ್ಬಿಯೊಳಗಿನ ಸಿ.ಡಿ.ಯನ್ನು ಪಕ್ಕಕ್ಕಿಟ್ಟು, ಕೀ ಮಾತ್ರ ಬಳಸಿ, ತಾಣದಿಂದ ಪೂರ್ತಿ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಕೆಲವೇ ಎಂಬಿಯ ಆನ್‌ಲೈನ್ ಇನ್‌ಸ್ಟಾಲರ್‌ಗಳು ಹಳೆಯ ವಿಂಡೋಸ್‌ನ ಸಂಪರ್ಕ ವ್ಯವಸ್ಥೆಯಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತವೆ. ಇನ್ನು ‘ಲೈಫ್‌ಟೈಮ್ ಕ್ರ್ಯಾಕ್’ ಆಂಟಿವೈರಸ್: ಕಳ್ಳನ ಕೈಯಿಂದ ಬೀಗ ಕೊಂಡ ಹಾಗೆ.

ಹಾಕುವ ಕ್ರಮ

ಕೆಲಸದ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಕಳಚಿಡಿ. ಸಿಕ್ಕಿಸಿಯೇ ಬಿಟ್ಟ ಬ್ಯಾಕಪ್ ಅನ್ನು ರ‍್ಯಾನ್ಸಮ್‌ವೇರ್ ಮೊದಲು ತಿನ್ನುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ‘ಬ್ಯಾಕಪ್ ಆ್ಯಂಡ್ ರಿಸ್ಟೋರ್’ನಲ್ಲಿ ಸಿಸ್ಟಂ ಇಮೇಜ್ (ಇಡೀ ವಿಂಡೋಸ್‌ನ ನಕಲು) ತೆಗೆದಿಟ್ಟುಕೊಂಡರೆ, ಡ್ರೈವರ್ ಸಿ.ಡಿ. ಕಳೆದುಹೋಗಿರುವ ಸ್ಕ್ಯಾನರಿನವರು ಮುಂದೆ ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ.

ಹಳೆಯ ಆಂಟಿವೈರಸ್ ಇದ್ದರೆ ಪೂರ್ತಿ ತೆಗೆಯಿರಿ. ಎರಡು ಕಾವಲುಗಾರರು ಒಂದೇ ಫೈಲಿಗೆ ಕೈಹಾಕಿ ಯಂತ್ರ ಹೆಪ್ಪುಗಟ್ಟುತ್ತದೆ. ಮಾಮೂಲಿ ಅನ್‌ಇನ್‌ಸ್ಟಾಲ್ ಚೂರುಪಾರು ಉಳಿಸುವುದರಿಂದ ಅದೇ ಕಂಪನಿಯ ರಿಮೂವಲ್ ಟೂಲ್ ತಂದು, ಎಫ್8 ಮೂಲಕ ಸೇಫ್ ಮೋಡ್‌ಗೆ ಹೋಗಿ ಓಡಿಸಿ. ಒಳಗೆ ಆಗಲೇ ವೈರಸ್ ಇದೆ ಎಂಬ ಗುಮಾನಿಯಿದ್ದರೆ ಕ್ಯಾಸ್ಪರ್‌ಸ್ಕಿ ರೆಸ್ಕ್ಯೂ ಡಿಸ್ಕ್ ಅಥವಾ ಡಾಕ್ಟರ್ ವೆಬ್ ಲೈವ್‌ಡಿಸ್ಕ್‌ನಂಥದನ್ನು ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿ ತಪಾಸಿಸಿ. ವಿಂಡೋಸ್ ನಿದ್ದೆಯಲ್ಲಿರುವಾಗ ವೈರಸ್‌ಗೂ ಬಚ್ಚಿಟ್ಟುಕೊಳ್ಳಲು ಬರುವುದಿಲ್ಲ.

ಇಳಿಸಿದ ಇನ್‌ಸ್ಟಾಲರಿನ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಪುಟ ತೆರೆದು ಕಂಪನಿಯ ಹೆಸರು ನೋಡಿ, ಆಮೇಲೆ ಓಡಿಸಿ. ರೀಸ್ಟಾರ್ಟ್, ಅಪ್‌ಡೇಟ್, ಮತ್ತೆ ರೀಸ್ಟಾರ್ಟ್. ಮೊದಲ ಫುಲ್ ಸ್ಕ್ಯಾನ್ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯುವುದು ಸಹಜ, ರಾತ್ರಿ ಬಿಡಿ. ವಾರದ ಸ್ಕ್ಯಾನನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಕೆಲಸ ಮಾಡುತ್ತಿದೆಯೇ ಎಂದು ನೋಡಲು ನಿಜವಾದ ವೈರಸ್ ಬೇಕಿಲ್ಲ. ಐಕಾರ್ ಎಂಬ ಸಂಸ್ಥೆಯ ತಾಣದಲ್ಲಿ 68 ಅಕ್ಷರಗಳ ನಿರಪಾಯಕಾರಿ ಪರೀಕ್ಷಾ ಫೈಲ್ ಸಿಗುತ್ತದೆ, ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಇಳಿಸಿದಾಕ್ಷಣ ಕೂಗಬೇಕು. ಕೂಗದಿದ್ದರೆ ಐಕಾನ್ ಹಸಿರಿದ್ದರೂ ಕಾವಲು ಎದ್ದಿಲ್ಲ. ಆ ಎಸ್‌ಎಚ್‌ಎ-2 ಅಪ್‌ಡೇಟ್‌ಗಳತ್ತ ಮತ್ತೆ ನೋಡಿ.

ನುಡಿ, ಬರಹ, ಪೆನ್‌ಡ್ರೈವ್

ಕನ್ನಡ ಟೈಪಿಂಗ್ ತಂತ್ರಾಂಶಗಳು ಕೀಲಿ ಒತ್ತಿದ್ದನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಹೊರನೋಟಕ್ಕೆ ಅದನ್ನೇ. ಹಾಗಾಗಿ ಹಳೆಯ ನುಡಿ ಅಥವಾ ಬರಹವನ್ನು ಆಂಟಿವೈರಸ್ ಅನುಮಾನಿಸಿ ಕ್ವಾರಂಟೈನ್‌ಗೆ ತಳ್ಳಿದರೆ ಆಶ್ಚರ್ಯವಿಲ್ಲ. ವಿನಾಯಿತಿ ಕೊಡುವಾಗ ಆ ಒಂದು ಪ್ರೋಗ್ರಾಮ್ ಫೈಲಿಗೆ ಮಾತ್ರ ಕೊಡಿ. ಇಡೀ ಡಿ ಡ್ರೈವನ್ನೇ ವಿನಾಯಿತಿ ಪಟ್ಟಿಗೆ ಸೇರಿಸಿ ಕೂರುವವರಿದ್ದಾರೆ, ಆಮೇಲೆ ಆಂಟಿವೈರಸ್ ಇದ್ದರೇನು ಬಿಟ್ಟರೇನು. ಮೂಲ ಇನ್‌ಸ್ಟಾಲರ್ ನಂಬಿಕೆಯ ಜಾಗದಿಂದ ಬಂದದ್ದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಡಿಟಿಪಿ, ಜೆರಾಕ್ಸ್ ಅಂಗಡಿಗಳ ನಿತ್ಯದ ಕಾಟ ಶಾರ್ಟ್‌ಕಟ್ ವೈರಸ್. ಅದು ಪೆನ್‌ಡ್ರೈವಿನ ಫೋಲ್ಡರುಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಆಂಟಿವೈರಸ್ ಶಾರ್ಟ್‌ಕಟ್ ಅಳಿಸಿದಾಗ ಪೆನ್‌ಡ್ರೈವ್ ಬರಿದಾಗಿ ಕಂಡು ಗಿರಾಕಿ ಜಗಳಕ್ಕೆ ನಿಲ್ಲುತ್ತಾರೆ. ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ: ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ನಲ್ಲಿ ಹಿಡನ್ ಫೈಲ್ ತೋರಿಸುವಂತೆ ಮಾಡಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಗುರುತನ್ನೂ ತೆಗೆದರೆ ಕಾಣುತ್ತವೆ. ಅಲ್ಲೇ ಫೈಲ್ ಎಕ್ಸ್‌ಟೆನ್ಶನ್ ಬಚ್ಚಿಡುವ ಗುರುತನ್ನೂ ತೆಗೆಯಿರಿ, ಫೋಲ್ಡರಿನ ವೇಷದ ಪ್ರೋಗ್ರಾಮುಗಳು ಆಗ ಬಯಲಾಗುತ್ತವೆ.

ಪ್ರೊಫೆಷನಲ್ ಅಥವಾ ಅಲ್ಟಿಮೇಟ್ ಆವೃತ್ತಿಯಿದ್ದರೆ ಇದಕ್ಕಿಂತ ಗಟ್ಟಿ ಉಪಾಯವಿದೆ. ಅಡ್ಮಿನಿಸ್ಟ್ರೇಟಿವ್ ಟೂಲ್ಸ್‌ನ ‘ಲೋಕಲ್ ಸೆಕ್ಯುರಿಟಿ ಪಾಲಿಸಿ’ಯಲ್ಲಿ ‘ಸಾಫ್ಟ್‌ವೇರ್ ರಿಸ್ಟ್ರಿಕ್ಷನ್ ಪಾಲಿಸೀಸ್’ ಹೊಸದಾಗಿ ರಚಿಸಿ, ‘ಅಡಿಷನಲ್ ರೂಲ್ಸ್’ನಲ್ಲಿ ಪೆನ್‌ಡ್ರೈವ್ ಕೂರುವ ಅಕ್ಷರಗಳಿಗೆ, ಅಂದರೆ ಎಫ್, ಜಿ, ಎಚ್ ಡ್ರೈವ್‌ಗಳಿಗೆ, ‘ಡಿಸ್‌ಅಲೋಡ್’ ಎಂಬ ಪಾತ್ ರೂಲ್ ಹಾಕಿ. ‘ಎನ್‌ಫೋರ್ಸ್‌ಮೆಂಟ್’ನಲ್ಲಿ ಅಡ್ಮಿನಿಸ್ಟ್ರೇಟರ್‌ಗಳನ್ನು ಹೊರಗಿಟ್ಟು, ದಿನದ ಕೆಲಸವನ್ನು ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಮಾಡಿ. ಆಗ ಪೆನ್‌ಡ್ರೈವಿನ ಫೈಲ್ ತೆರೆಯುತ್ತದೆ, ಪ್ರೋಗ್ರಾಮೂ ಶಾರ್ಟ್‌ಕಟ್ಟೂ ಓಡುವುದಿಲ್ಲ. ಡಿವಿಡಿ ಡ್ರೈವಿನ ಅಕ್ಷರ ಸೇರಿಸಿದರೆ ಅದರಿಂದಲೂ ಇನ್‌ಸ್ಟಾಲ್ ಆಗದು, ಗಮನವಿರಲಿ. ಹೋಮ್ ಆವೃತ್ತಿಗಳಲ್ಲಿ ಈ ಸೌಲಭ್ಯವಿಲ್ಲ.

ಮುಚ್ಚಬೇಕಾದ ಬಾಗಿಲು

ಸಿಸ್ಟಂ ಪ್ರಾಪರ್ಟೀಸ್‌ನ ರಿಮೋಟ್ ಪುಟದಲ್ಲಿ ಸಂಪರ್ಕ ಬೇಡ ಎಂದು ಆರಿಸಿ. ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಗುರುತಿಸಿ, ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಗುರುತು ತೆಗೆಯಿರಿ. ವಾನ್ನಾಕ್ರೈ ನುಗ್ಗಿದ್ದು ಇದೇ ಬಾಗಿಲಿಂದ. ಈ ಯಂತ್ರದ ಪ್ರಿಂಟರನ್ನು ಬೇರೆ ಯಂತ್ರಗಳು ಹಂಚಿಕೊಂಡಿದ್ದರೆ ಅದು ನಿಲ್ಲುತ್ತದೆ, ಪ್ರಿಂಟರನ್ನು ಹೊಸ ಯಂತ್ರಕ್ಕೆ ಸಾಗಿಸಬಹುದಾದರೆ ಸಾಗಿಸಿ.

ಬ್ರೌಸರ್ ವಿಷಯದಲ್ಲಿ ಆಯ್ಕೆ ಕಿರಿದು. ಕ್ರೋಮ್ ವಿಂಡೋಸ್ 7ಕ್ಕೆ 109ನೇ ಆವೃತ್ತಿಗೇ ನಿಂತಿದೆ. ಫೈರ್‌ಫಾಕ್ಸ್‌ನ ದೀರ್ಘಕಾಲ ಬೆಂಬಲದ ಆವೃತ್ತಿ 115 ಇಎಸ್‌ಆರ್‌ಗೆ ಮೊಜಿಲ್ಲಾ ಗಡುವನ್ನು ಮತ್ತೆ ಮತ್ತೆ ಮುಂದೂಡಿದೆ. ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂದು ನೋಡಿ ಬಳಸಿ. ಬ್ಯಾಂಕ್ ವ್ಯವಹಾರ, ಮುಖ್ಯ ಇಮೇಲ್ ಈ ಯಂತ್ರದಲ್ಲಿ ಬೇಡ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ಕರೆಯುವ ಸಹಾಯವಾಣಿ ಸಂಖ್ಯೆ 1930, ತಡಮಾಡಿದಷ್ಟೂ ವಾಪಸು ಸಿಗುವುದು ಕಷ್ಟ.

ಇಂಟರ್ನೆಟ್ಟೇ ಬೇಕಿಲ್ಲದ ಯಂತ್ರವಾದರೆ ಕೇಬಲ್ ಕಿತ್ತಿಡಿ. ಆಗ ಆಫ್‌ಲೈನ್ ಡೆಫಿನಿಷನ್ ಫೈಲ್ ಕೊಡುವ ಆಂಟಿವೈರಸ್ ಆರಿಸಿ, ವಾರಕ್ಕೊಮ್ಮೆ ಇದೊಂದೇ ಕೆಲಸಕ್ಕೆ ಇಟ್ಟ ಪೆನ್‌ಡ್ರೈವಿನಲ್ಲಿ ತಂದು ಹಾಕಿ. ನೆಟ್ ಇರುವ ಯಂತ್ರವಾದರೆ ಸೋಮವಾರ ಆನ್ ಮಾಡಿದ ಕೂಡಲೇ ಡೆಫಿನಿಷನ್ ತಾರೀಖು ನೋಡಿ. ಏಳು ದಿನಕ್ಕಿಂತ ಹಳತಾಗಿದ್ದು, ಕೈಯಾರೆ ಅಪ್‌ಡೇಟ್ ಒತ್ತಿದರೂ ಬರದಿದ್ದರೆ ಮೊದಲು ಗಡಿಯಾರ, ಆಮೇಲೆ ಲೈಸೆನ್ಸ್, ಆಮೇಲೆ ಕಂಪನಿಯ ಪುಟ ನೋಡಿ. ಅಲ್ಲಿಯವರೆಗೆ ನೆಟ್ ಕೇಬಲ್ ಹೊರಗಿರಲಿ.