ಸಾಕೆಟ್‌ನಲ್ಲಿ ಕೂತಿತು, ಲ್ಯಾಪ್‌ಟಾಪ್ ಏಳಲಿಲ್ಲ

ಹಳೇ ಲ್ಯಾಪ್‌ಟಾಪಿನ ಐ3-2310ಎಂ ಪ್ರೊಸೆಸರ್ ತೆಗೆದು ಸೆಕೆಂಡ್ ಹ್ಯಾಂಡ್ ಐ5-3320ಎಂ ಹಾಕಿದೆ. ಪವರ್ ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ಒಂದೊಂದೇ ಹಾಕಿ ನೋಡಿದೆ, ಬೋರ್ಡಿನ ಸೆಟ್ಟಿಂಗ್ ಉಳಿಸುವ ಸಿಮಾಸ್ ಬ್ಯಾಟರಿ ಬಿಚ್ಚಿಟ್ಟೆ, ಉಹೂಂ. ಭೂತಗನ್ನಡಿ ಹಿಡಿದು ನೋಡಿದರೆ ಒಂದು ಪಿನ್ನೂ ಬಾಗಿರಲಿಲ್ಲ. ಬೋರ್ಡೇ ಸುಟ್ಟಿತೇನೋ ಅಂತ ಎದೆ ಧಸಕ್ಕೆಂದಿತು. ಹಳೇ ಪ್ರೊಸೆಸರನ್ನೇ ಮತ್ತೆ ಕೂರಿಸಿದೆ. ತಕ್ಷಣ ಬೂಟ್ ಆಯಿತು! ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು.

ಅಂದರೆ ಬೋರ್ಡ್ ಸರಿಯಿದೆ, ಹೊಂದಾಣಿಕೆಯಲ್ಲೇ ತೊಡಕು. ಎರಡೂ ಜಿ2 ಎಂಬ ಒಂದೇ ಬಗೆಯ ಸಾಕೆಟ್ಟಿನವು, ಎರಡರ ಶಾಖದ ಮಿತಿಯೂ 35 ವ್ಯಾಟ್. ಆದರೆ ಹಳೆಯದು ಇಂಟೆಲ್‌ನ ಸ್ಯಾಂಡಿ ಬ್ರಿಜ್ ಪೀಳಿಗೆಯದು, ಹೊಸದು ಅದರ ಮುಂದಿನ ಪೀಳಿಗೆ, 2012ರ ಐವಿ ಬ್ರಿಜ್. ನನ್ನ ಬೋರ್ಡಿನಲ್ಲಿ ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಸೆಟ್ ಎಚ್‌ಎಂ65. ಆ ಬೋರ್ಡಿನ ಬಯೋಸ್‌ಗೆ, ಅಂದರೆ ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶಕ್ಕೆ, ಐವಿ ಬ್ರಿಜ್ ಗುರುತೇ ಸಿಗದು. ಹಳೇ ಪ್ರೊಸೆಸರ್ ಹಾಕಿಕೊಂಡೇ ಕೊನೆಯ ಬಯೋಸ್ ಅಪ್‌ಡೇಟ್ ಮಾಡಿದರೂ ಫಲವಿಲ್ಲ.

ಅಂಗಡಿಯವರು ಅದನ್ನು ಬದಲಿಸಿ ಐ5-2520ಎಂ ಕೊಟ್ಟರು. ಅದೂ ಸ್ಯಾಂಡಿ ಬ್ರಿಜ್, 35 ವ್ಯಾಟ್. ಕೊಳ್ಳುವಾಗ ಪಿನ್ ಇರುವ ಪಿಜಿಎ ಮಾದರಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ಬೋರ್ಡಿಗೇ ಬೆಸುಗೆ ಹಾಕುವ ಬಿಜಿಎ ಸಾಕೆಟ್ಟಿಗೆ ಕೂರುವುದಿಲ್ಲ. ಪ್ರೊಸೆಸರ್ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೇ ಪೇಸ್ಟ್ ಒರೆಸಿ, ಹೊಸದನ್ನು ಅವರೆಕಾಳಿಗಿಂತ ಚಿಕ್ಕದಾಗಿ ಇಟ್ಟು ಹೀಟ್‌ಸಿಂಕ್ ಬಿಗಿದೆ. ಮೊದಲ ಸಲಕ್ಕೇ ಎದ್ದಿತು. 2.1 ಗಿಗಾಹರ್ಟ್ಸ್ ದಾಟದಿದ್ದ ಯಂತ್ರ ಈಗ ಟರ್ಬೋದಲ್ಲಿ, ಅಂದರೆ ಅಗತ್ಯ ಬಿದ್ದಾಗ ತಾನೇ ವೇಗ ಹೆಚ್ಚಿಸಿಕೊಂಡು, 3.2ರವರೆಗೆ ಏರುತ್ತದೆ.